ನನ್ನ ಹೊಟ್ಟೆ, ಭಾವನ ಸಿಆರ್‌ಪಿ

ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಗಲ್ಫಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ಬಂದವರು. ಈ ಮಾತು ಸುಳ್ಳಲ್ಲ. ಆದರೆ ಅವರು ಅಲ್ಲಿ ಮಾಡುತ್ತಿದ್ದದ್ದು ಸ್ಟೋರಿನ ಕೆಲಸ. ಬೆಡ್‌ಶೀಟು, ಕೈಗವಸು, ಫಿನಾಯಿಲು ಬಂದರೆ ಇಳಿಸಿಕೊಳ್ಳುವುದು, ಕೇಳಿದ ವಾರ್ಡಿಗೆ ಕಳಿಸುವುದು. ಅದೂ ಮರ್ಯಾದೆಯ ಕೆಲಸವೇ. ಅಷ್ಟನ್ನೇ ಹೇಳಿಕೊಂಡು ತಿರುಗಿದ್ದರೆ ನಾನು ಇದನ್ನೆಲ್ಲ ಬರೆಯಬೇಕಾಗಿ ಬರುತ್ತಿರಲಿಲ್ಲ. ಸುಳ್ಯದಲ್ಲಿ ಮನೆ ಕಟ್ಟಿಸಿ ಕೂತ ಮೇಲೆ ‘ಆಸ್ಪತ್ರೆಯಲ್ಲಿದ್ದೆ’ ಎಂಬುದು ಮಾತ್ರ ಉಳಿಯಿತು, ಸ್ಟೋರು ಎಲ್ಲೋ ಉದುರಿಹೋಯಿತು. ಕುಟುಂಬದಲ್ಲಿ ಯಾರಿಗೆ ಏನಾದರೂ ಮೊದಲ ಫೋನು ಭಾವನಿಗೆ. ಮಗುವಿಗೆ ಕೆಮ್ಮು ಬಂದರೂ ಅವರಿಗೆ, ಮುದುಕರಿಗೆ ಸಕ್ಕರೆ ಏರಿದರೂ ಅವರಿಗೆ. ಅವರು ಕನ್ನಡಕ ಹಾಕಿಕೊಂಡು, ವಾಟ್ಸಾಪಿನಲ್ಲಿ ಬಂದ ರಿಪೋರ್ಟನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿ, ಗಂಟಲು ಸರಿಮಾಡಿಕೊಂಡು ತೀರ್ಪು ಕೊಡುತ್ತಿದ್ದರು. ಕೇಳುವವರು ಕೈ ಮುಗಿದ ಚಿತ್ರ ಕಳಿಸುತ್ತಿದ್ದರು.

ನಾವು ಗಂಡ ಹೆಂಡತಿ ಕಾಣಿಯೂರಿನಲ್ಲಿ ಒಂದು ಸಣ್ಣ ಹೋಟೆಲು ನಡೆಸುತ್ತೇವೆ. ಬೆಳಿಗ್ಗೆ ಸಜ್ಜಿಗೆ ಬಜಿಲು, ಬನ್ಸು, ನೀರುದೋಸೆ, ಮಧ್ಯಾಹ್ನ ಊಟ, ಸಂಜೆ ಗೋಳಿಬಜೆ. ಒಲೆ ನನ್ನದು, ಗಲ್ಲಾ ಇವರದು. ಮನೆಯಲ್ಲಿ ನಮ್ಮ ಮಾತು ಅರೆಭಾಷೆ. ಅದನ್ನು ಬರೆದರೆ ಓದುವವರಿಗೆ ತೊಡಕು, ಹಾಗಾಗಿ ಆಡಿದ್ದನ್ನು ಇಲ್ಲಿಯ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮಳೆ ಬಿಟ್ಟು ಬಿಸಿಲು ಕಾಣತೊಡಗಿದ ದಿನಗಳು. ಒಂದು ಬೆಳಿಗ್ಗೆ ದೋಸೆ ಎರೆಯುತ್ತಿದ್ದಾಗ ಹೊಕ್ಕುಳಿನ ಸುತ್ತ ಹಿಂಡಿದಂತಾಯಿತು. ಸ್ವಲ್ಪ ಹೊತ್ತಿಗೆ ವಾಂತಿ. ಹಿತ್ತಲಿನ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದೆ. ಇವರು ಬಂದು ಇಣುಕಿದರು.

“ಎಂತ ಆಯ್ತು?”

“ಹೊಟ್ಟೆ. ಒಂಥರಾ ನೋವು. ಡಾಕ್ಟರ ಹತ್ತಿರ ಹೋಗಿ ಬರುವಾ.”

“ತಡಿ, ಅಣ್ಣನಿಗೊಮ್ಮೆ ಕೇಳ್ತೇನೆ.”

ಫೋನಿನ ಸ್ಪೀಕರಿನಲ್ಲಿ ಭಾವನ ಸ್ವರ ಹೋಟೆಲಿನ ಎಲ್ಲ ಮೇಜುಗಳಿಗೂ ಕೇಳುತ್ತಿತ್ತು. “ಈಗಲೇ ಡಾಕ್ಟರ ಹತ್ತಿರ ಓಡುದು ಎಂತಕ್ಕೆ ಮಾರಾಯ? ಅವರು ಸಹ ಮೊದಲು ಬ್ಲಡ್ ಟೆಸ್ಟೇ ಬರಿಯುದು. ನೀನೇ ಮಾಡಿಸು. ಸಿಬಿಸಿ ಮತ್ತೆ ಸಿಆರ್‌ಪಿ. ಹೊಟ್ಟೆಯಲ್ಲಿ ನಂಜು ಎಷ್ಟುಂಟು ಅಂತ ಆ ಸಿಆರ್‌ಪಿ ಹೇಳ್ತದೆ. ನಾವು ಅಲ್ಲಿ ಅದನ್ನು ನೋಡದೆ ಪೇಶಂಟನ್ನು ಮುಟ್ಟುದೇ ಇಲ್ಲ.”

ಬೆಡ್‌ಶೀಟು ಮಡಚುತ್ತಿದ್ದವರು ಪೇಶಂಟನ್ನು ಮುಟ್ಟದೇ ಇದ್ದದ್ದು ನಿಜವೇ ಇರಬೇಕು.

ಪೇಟೆಯ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದೆವು. ಮಧ್ಯಾಹ್ನದ ಊಟದ ಗಿರಾಕಿಗಳು ಬರುವ ಹೊತ್ತಿಗೆ ರಿಪೋರ್ಟು ಇವರ ಫೋನಿಗೆ ಬಂತು, ಇವರ ಫೋನಿನಿಂದ ಸುಳ್ಯಕ್ಕೆ ಹೋಯಿತು. ಸಿಆರ್‌ಪಿ ನಾಲ್ಕು. ಆರರೊಳಗೆ ಇದ್ದರೆ ಸರಿ ಎಂದು ಪಕ್ಕದಲ್ಲೇ ಅಚ್ಚಾಗಿತ್ತು. ಬಿಳಿ ರಕ್ತಕಣದ ಸಂಖ್ಯೆ ಮಾತ್ರ ಇರಬೇಕಾದ್ದಕ್ಕಿಂತ ಜಾಸ್ತಿ ಇತ್ತು, ದಪ್ಪ ಅಕ್ಷರದಲ್ಲಿತ್ತು. ಅದಕ್ಕೂ ಭಾವನಲ್ಲಿ ಉತ್ತರ ಇತ್ತು. “ಅದು ವಾಂತಿ ಮಾಡಿದ್ದಕ್ಕೆ ಏರಿದ್ದು. ಮುಖ್ಯ ಸಿಆರ್‌ಪಿ. ನಾಲ್ಕು ಅಂದ್ರೆ ಗ್ಯಾಸ್. ಓಮದ ನೀರು ಕುಡಿಲಿಕ್ಕೆ ಹೇಳು.”

ಹೋಟೆಲಿನಲ್ಲಿ ಕೂತಿದ್ದವರೆಲ್ಲ ತಲೆ ಆಡಿಸಿದರು. ಬಜೆ ತಿನ್ನುವವರಿಗೆ ಗ್ಯಾಸ್ ಎಂಬ ರೋಗ ಬಹಳ ಪ್ರಿಯ. ಒಬ್ಬರು ಇಂಗು ಎಂದರು, ಒಬ್ಬರು ಶುಂಠಿ ಎಂದರು, ಮತ್ತೊಬ್ಬರು ತಮಗೆ ಇದೇ ರೀತಿ ಆಗಿ ಸೋಡಾದಲ್ಲಿ ನೋವು ಹೋದ ಕಥೆ ಹೇಳಿದರು. ನನ್ನ ಹೊಟ್ಟೆಯನ್ನು ನೋಡಿದವರು ಯಾರೂ ಇಲ್ಲ. ನಾನು ಓಮದ ನೀರು ಕುಡಿದೆ, ಅದನ್ನೂ ವಾಂತಿ ಮಾಡಿದೆ, ಸಂಜೆ ಬಜೆಗೆ ಹಿಟ್ಟು ಕಲಸಿದೆ.

ಮರುದಿನ ನೋವು ಬಲಗಡೆ ಕೆಳಗೆ ಇಳಿದು ಒಂದೇ ಜಾಗದಲ್ಲಿ ನಿಂತಿತು. ಬಲಗಾಲು ನೀಡಿದರೆ ಜೀವ ಹೋದಂತಾಗುತ್ತಿತ್ತು, ಬಗ್ಗಿಕೊಂಡೇ ನಡೆಯುತ್ತಿದ್ದೆ. ಪುನಃ ಟೆಸ್ಟಾದರೂ ಮಾಡಿಸುವಾ ಎಂದೆ. ಇವರು ಒಳಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದರು.

“ನಿನ್ನೆ ನಾರ್ಮಲ್ ಬಂದದ್ದು ಇವತ್ತಿಗೆ ಏರುದಿಲ್ಲ ಅಂತೆ. ಸುಮ್ಮನೆ ಕೈ ಚುಚ್ಚಿಸಿಕೊಳ್ಳುದು ಯಾಕೆ ಅಂತ ಅಣ್ಣ ಹೇಳ್ತಾನೆ.”

ಮಧ್ಯಾಹ್ನ ಒಂದು ವಿಚಿತ್ರ ನಡೆಯಿತು. ಒಳಗೆ ಏನೋ ಸಡಿಲಾದಂತೆ ನೋವು ತಟ್ಟನೆ ಇಳಿದುಹೋಯಿತು. ಬೆಳಗಿನಿಂದ ಮೊದಲ ಬಾರಿ ನೆಟ್ಟಗೆ ನಿಂತೆ. ಒಂದು ಲೋಟ ಗಂಜಿ ನೀರು ಕುಡಿದೆ. ಸುದ್ದಿ ಸುಳ್ಯಕ್ಕೆ ಮುಟ್ಟಿ ವಾಪಸು ಬಂತು. “ನಾನು ಹೇಳಿದ್ದಲ್ವಾ! ಗ್ಯಾಸ್ ಹೋಯ್ತು ನೋಡು.” ಇವರ ಮುಖ ನೋಡಬೇಕಿತ್ತು. ಪರೀಕ್ಷೆಯಲ್ಲಿ ಪಾಸಾದವರ ಹಾಗೆ ಅರಳಿತ್ತು. ಆ ಹೊತ್ತಿನಲ್ಲಿ ನನ್ನೊಳಗೆ ಅಪೆಂಡಿಕ್ಸ್ ಒಡೆದು ಹೊಟ್ಟೆ ತುಂಬ ನಂಜು ಹರಡುತ್ತಿತ್ತು. ಅಣ್ಣ ತಮ್ಮ ಇಬ್ಬರೂ ಅದನ್ನು ಫೋನಿನಲ್ಲಿ ಆಚರಿಸುತ್ತಿದ್ದರು.

ಸಂಜೆ ನಾಲ್ಕರ ಹೊತ್ತಿಗೆ ಚಳಿ ಹತ್ತಿತು. ಹಲ್ಲು ಕಟಕಟ ಎನ್ನುವ ಚಳಿ. ಹೊಟ್ಟೆ ಮರದ ಹಲಗೆಯ ಹಾಗೆ ಬಿಗಿಯಾಯಿತು, ಈಗ ನೋವು ಒಂದು ಕಡೆ ಅಲ್ಲ, ಎಲ್ಲ ಕಡೆ. ಇವರು ಗಾಬರಿಯಾಗಿ ನಮ್ಮ ಹಳೇ ಓಮ್ನಿಯನ್ನು ಹಿಂದೆ ಮುಂದೆ ಮಾಡಿ ಹೊರಡಿಸಿದರು. ಕಾಣಿಯೂರಿನಿಂದ ಪುತ್ತೂರಿಗೆ ಎಷ್ಟು ಹಂಪುಗಳಿವೆ ಎಂದು ನನ್ನ ಹೊಟ್ಟೆಗೆ ಅವತ್ತು ಗೊತ್ತಾಯಿತು. ಪ್ರತಿ ಹಂಪಿಗೂ ನಾನು ಕೂಗುತ್ತಿದ್ದೆ. ಸವಣೂರು ದಾಟುವಾಗ ಭಾವನ ಫೋನು.

“ಪುತ್ತೂರಿಗೆ ಹೋಗುದಾದ್ರೆ ಮೊದಲು ಒಂದು ಸಿಆರ್‌ಪಿ ಮಾಡಿಸಿಯೇ ಡಾಕ್ಟರ ಹತ್ತಿರ ಹೋಗಿ. ಇಲ್ಲದಿದ್ರೆ ಅವರು ಎಂತೆಂತ ಹೇಳಿ ಹೆದರಿಸ್ತಾರೆ.”

ನಾನು ಕೈ ಚಾಚಿ ಫೋನನ್ನು ಕಿತ್ತುಕೊಂಡು ಆಫ್ ಮಾಡಿ ಸೀಟಿನ ಕೆಳಗೆ ಹಾಕಿದೆ. ಮದುವೆಯಾದಾಗಿನಿಂದ ಭಾವನಿಗೆ ನಾನು ಕೊಟ್ಟ ಮೊದಲ ಉತ್ತರ ಅದು.

ಪುತ್ತೂರಿನ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ಸರ್ಜನ್ ಒಬ್ಬರು ಹೆಂಗಸು, ನನಗಿಂತ ಸಣ್ಣ ಪ್ರಾಯ. ಬಂದವರೇ ಕೆಮ್ಮಲು ಹೇಳಿದರು. ಕೆಮ್ಮಲಾಗಲಿಲ್ಲ. ಹೊಟ್ಟೆಯ ಮೇಲೆ ಮೆಲ್ಲ ಬೆರಳಿಟ್ಟು ಒತ್ತಿ ಬಿಟ್ಟರು. ಬಿಟ್ಟಾಗ ನಾನು ಮಂಚದಿಂದ ಎದ್ದೇಹೋದೆ. ಎರಡು ದಿನದಲ್ಲಿ ನನ್ನ ಹೊಟ್ಟೆಯನ್ನು ಮುಟ್ಟಿ ನೋಡಿದ ಮೊದಲ ಮನುಷ್ಯರು ಅವರು.

ಇವರು ಸೀಟಿನ ಕೆಳಗಿನಿಂದ ಹುಡುಕಿ ತಂದ ಫೋನು ಹಿಡಿದುಕೊಂಡು ಮುಂದೆ ಬಂದರು. “ಮೇಡಂ, ನಿನ್ನೆ ಸಿಆರ್‌ಪಿ ನಾರ್ಮಲ್ ಇತ್ತು. ನಾಲ್ಕು.”

“ನಿನ್ನೆ ಎಷ್ಟು ಹೊತ್ತಿಗೆ ತೆಗೆದದ್ದು?”

“ನೋವು ಶುರುವಾಗಿ ಒಂದೆರಡು ಗಂಟೆ ಆಗಿತ್ತಷ್ಟೆ.”

“ಅಷ್ಟು ಬೇಗ ಅದು ಏರುದಿಲ್ಲ. ಒಳಗೆ ಉರಿಯೂತ ಶುರುವಾಗಿ, ಲಿವರಿಗೆ ಗೊತ್ತಾಗಿ, ಅದು ಆ ಪ್ರೋಟೀನನ್ನು ಮಾಡಿ ರಕ್ತಕ್ಕೆ ಬಿಡ್ಬೇಕು. ಅರ್ಧ ದಿನ ಆದ್ರೂ ಬೇಕು ಅದಕ್ಕೆ. ಬಿಳಿ ರಕ್ತಕಣ ನಿನ್ನೆಯೇ ಏರಿತ್ತಲ್ಲ, ಅದನ್ನು ಯಾರೂ ನೋಡ್ಲಿಲ್ವಾ? ನೋಡಿದ ಡಾಕ್ಟ್ರು ಯಾರು?”

ಇವರು ನೆಲ ನೋಡಿದರು. “ನಮ್ಮ ಅಣ್ಣ,” ಎಂದರು. ಆ ಹೆಂಗಸು ನನ್ನ ಮುಖ ನೋಡಿದರು.

ಮತ್ತೆ ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಈಗ ಸಿಆರ್‌ಪಿ ಇನ್ನೂರ ಎಪ್ಪತ್ತು. ಆಪರೇಶನ್ ಮಾಡಿ, ಒಡೆದದ್ದನ್ನು ತೆಗೆದು, ಹೊಟ್ಟೆಯನ್ನು ತೊಳೆದು, ಬದಿಯಲ್ಲಿ ಒಂದು ಟ್ಯೂಬು ಇಟ್ಟು ಹೊಲಿದರು. ಅದರ ಬಗ್ಗೆ ನನಗೆ ಹೇಳಲು ಏನೂ ಇಲ್ಲ, ನಾನು ನಿದ್ದೆಯಲ್ಲಿದ್ದೆ. ಎಚ್ಚರವಾದ ಮೇಲೆ ನೋಡಿದ್ದರ ಬಗ್ಗೆ ಬಹಳ ಇದೆ.

ಮೊದಲನೆಯದಾಗಿ, ನನ್ನ ಸಿಆರ್‌ಪಿ ಕುಟುಂಬದ ಸೊತ್ತಾಗಿತ್ತು. ರಿಪೋರ್ಟು ಬಂದ ಕೂಡಲೇ ಇವರು ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು, ಕ್ರಿಕೆಟ್ ಸ್ಕೋರಿನ ಹಾಗೆ. ಹೆಬ್ಬೆರಳುಗಳು ಏಳುತ್ತಿದ್ದವು, ಕೈಗಳು ಮುಗಿಯುತ್ತಿದ್ದವು. ನನ್ನನ್ನು ನೋಡಲು ಬಂದ ನೆಂಟರು ಕಿತ್ತಳೆ ಚೀಲ ಕಿಟಕಿಯಲ್ಲಿಟ್ಟು, ನನ್ನ ಮುಖ ನೋಡದೆ, “ಇವತ್ತು ಎಷ್ಟು?” ಎಂದು ಇವರನ್ನು ಕೇಳುತ್ತಿದ್ದರು. ನಿದ್ದೆ ಬಂತಾ, ನೋವುಂಟಾ, ಏನಾದರೂ ಬೇಕಾ ಎಂದು ಕೇಳಿದವರನ್ನು ಹುಡುಕಬೇಕಿತ್ತು.

ಎರಡನೆಯದು, ಪಕ್ಕದ ಮಂಚ. ಆಪರೇಶನ್ ಆದ ಗಂಡಸರು ಹೆಂಗಸರೆಲ್ಲ ಅಲ್ಲಿ ಒಂದೇ ವಾರ್ಡಿನಲ್ಲಿ. ಆ ಮಂಚದಲ್ಲಿ ಆಲಂಕಾರು ಊರಿನ ಒಬ್ಬರು ಮುದುಕರಿದ್ದರು, ಪಿತ್ತಕೋಶದಲ್ಲಿ ಕೀವಾಗಿತ್ತು. ಅವರ ಮಗ ಇವರನ್ನು ಮಾತಿಗೆಳೆದ.

“ನಿಮ್ಮದು ಎಷ್ಟು ಇತ್ತು?”

“ಇನ್ನೂರ ಎಪ್ಪತ್ತು.”

“ನಮ್ಮ ಅಪ್ಪನದ್ದು ಮುನ್ನೂರ ಹತ್ತು!”

ಇವರ ಮುಖ ಇಳಿಯಿತು. ನಾನು ಕಣ್ಣಾರೆ ಕಂಡೆ. “ನಮ್ಮದು ಆಪರೇಶನಿಗೆ ಮೊದಲು ಅಷ್ಟು. ಮತ್ತೆ ಇನ್ನೂ ಏರಿತ್ತು,” ಎಂದರು. ಆಪರೇಶನ್ ಆದ ಮೇಲೆ ಅದು ಒಂದೆರಡು ದಿನ ಏರಿಯೇ ಏರುತ್ತದೆ, ಮತ್ತೆ ಇಳಿಯುವುದು ಮುಖ್ಯ, ಇಳಿದದ್ದು ಪುನಃ ಏರದಿರುವುದು ಅದಕ್ಕಿಂತ ಮುಖ್ಯ ಎಂದು ಡಾಕ್ಟರು ಹೇಳಿದ್ದರು. ಇವರಿಗೆ ಅದು ಹೀಗೆ ಉಪಯೋಗಕ್ಕೆ ಬಂತು. ಒಬ್ಬನ ಅಪ್ಪ, ಒಬ್ಬನ ಹೆಂಡತಿ ಟ್ಯೂಬು ಸಿಕ್ಕಿಸಿಕೊಂಡು ಮಲಗಿದ್ದಾರೆ, ಇವರಿಬ್ಬರು ಯಾರ ನಂಜು ದೊಡ್ಡದು ಎಂದು ಪಂದ್ಯ ಕಟ್ಟುತ್ತಿದ್ದಾರೆ. ಮುದುಕರು ನನ್ನ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡರು.

ಅಷ್ಟರಲ್ಲಿ ಭಾವ ಬಂದರು. ಇಸ್ತ್ರಿ ಹಾಕಿದ ಅಂಗಿ, ಅತ್ತರಿನ ಪರಿಮಳ. ‘ನಾಲ್ಕು ಅಂದ್ರೆ ಗ್ಯಾಸ್’ ಎಂದವರು ತಾವೇ ಎಂಬ ನೆನಪಿನ ಒಂದು ಗೆರೆ ಕೂಡ ಆ ಮುಖದಲ್ಲಿರಲಿಲ್ಲ. ಡ್ರಿಪ್ಪಿನ ಬಾಟಲಿಯನ್ನು ಬೆರಳಲ್ಲಿ ತಟ್ಟಿದರು. ನರ್ಸಿಗೆ, “ಯಾವ ಆಂಟಿಬಯೋಟಿಕ್ ಹೋಗ್ತಾ ಉಂಟು?” ಎಂದರು. ಆಕೆ ಹೆಸರು ಹೇಳಿದಾಗ, “ಹಾಂ, ಅದೇ,” ಎಂದು ಮಂಜೂರು ಮಾಡಿದರು.

ಅವರಿಗೆ ಅವಸರವಿತ್ತು. ಬರುವ ಆದಿತ್ಯವಾರ ಅವರ ಮಗಳ ನಿಶ್ಚಿತಾರ್ಥ. ಅಡುಗೆಯ ಉಸ್ತುವಾರಿ ನನ್ನದೆಂದು ಮೊದಲೇ ಮಾತಾಗಿತ್ತು. ಮನೆಯವಳೇ ಇರುವಾಗ ಬೇರೆಯವರಿಗೆ ಯಾಕೆ ವಹಿಸುವುದು ಎಂಬುದು ಭಾವನ ಲೆಕ್ಕ.

ಒಂದೆರಡು ದಿನ ಕಳೆದು ಸಿಆರ್‌ಪಿ ತೊಂಬತ್ತಕ್ಕೆ ಇಳಿಯಿತು. ಗುಂಪಿನಲ್ಲಿ ಪಟಾಕಿಯ ಚಿತ್ರಗಳು. ಭಾವ ಅವತ್ತೇ ಸುಳ್ಯದಿಂದ ಓಡಿ ಬಂದರು.

“ತೊಂಬತ್ತು ಅಂದ್ರೆ ಎಂತದ್ದೂ ಇಲ್ಲ. ನಾವು ಅಲ್ಲಿ ನೂರರೊಳಗೆ ಬಂದ್ರೆ ಡಿಸ್ಚಾರ್ಜೇ. ನೀನು ಒಲೆಯ ಹತ್ತಿರ ನಿಲ್ಲುದು ಬೇಡ ಮಾರಾಯ್ತಿ. ಒಂದು ಕುರ್ಚಿ ಹಾಕಿ ಕೊಡ್ತೇನೆ, ಕೂತು ಹೇಳಿದ್ರೆ ಸಾಕು.”

“ಡಾಕ್ಟ್ರು ಇನ್ನೊಂದೆರಡು ದಿನ ನೋಡ್ಬೇಕು ಅಂತ ಹೇಳಿದ್ದಾರೆ,” ಎಂದೆ.

“ಅವರು ಹಾಗೆ ಹೇಳುದೇ. ನಂಬರ್ ಇಳಿದ ಮೇಲೆ ಎಂತ ನೋಡ್ಲಿಕ್ಕುಂಟು?”

ನೋಡಲಿಕ್ಕೆ ಇತ್ತು. ಹಿಂದಿನ ಸಂಜೆಯಿಂದ ನನಗೆ ಮತ್ತೆ ಸಣ್ಣ ಚಳಿ ಬರುತ್ತಿತ್ತು. ಅಡಿಹೊಟ್ಟೆಯಲ್ಲಿ, ಕೂತರೆ ಒತ್ತುವ ಒಂದು ಭಾರ. ಮತ್ತೆ ಮತ್ತೆ ಕಕ್ಕಸಿಗೆ ಓಡಬೇಕು, ಹೋದರೆ ಲೋಳೆಯಷ್ಟೇ. ಬೆಳಗಿನ ರೌಂಡ್ಸಿನಲ್ಲಿ ಡಾಕ್ಟರಿಗೆ ಹೇಳಬೇಕೆಂದಿದ್ದೆ. ಅವರ ಹಿಂದೆ ನಮ್ಮ ಕಡೆಯ ಇಬ್ಬರು ಗಂಡಸರು ನಿಂತಿದ್ದರು, ಬಾಯಿ ಬರಲಿಲ್ಲ. ಈಗ ಭಾವನೆದುರು ಲೋಳೆಯ ಸುದ್ದಿ ಎತ್ತುವುದು ಹೇಗೆ? ಹೇಳಿದರೆ ಅದಕ್ಕೂ ಅವರಲ್ಲಿ ಒಂದು ಉತ್ತರ ಇರುತ್ತದೆ, ಅದನ್ನು ಕೇಳುವುದಕ್ಕಿಂತ ಸಾಯುವುದು ಲೇಸು ಎಂದು ಆ ಕ್ಷಣ ಅನಿಸಿದ್ದು ಸುಳ್ಳಲ್ಲ.

ಅವರು ಇವರನ್ನು ಕರೆದುಕೊಂಡು ನರ್ಸ್ ಕೂರುವ ಕಡೆಗೆ ಹೊರಟರು. ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಕರೆದುಕೊಂಡು ಹೋಗುತ್ತೇವೆ ಎಂದು ಸಹಿ ಹಾಕಿದರೆ ಬಿಡುತ್ತಾರೆ ಎಂದು ಹೇಳಿಕೊಡುತ್ತಿದ್ದದ್ದು ನನಗೆ ಕೇಳುತ್ತಿತ್ತು. ಇವರು ತಲೆ ಆಡಿಸುತ್ತಾ ಹಿಂದೆ ಹೋಗುತ್ತಿದ್ದರು. ಆ ತಲೆಯನ್ನು ನಾನು ಎಷ್ಟು ವರ್ಷ ನೋಡಿದ್ದೇನೆ!

“ಇಲ್ಲಿ ಬನ್ನಿ!” ಎಂದು ಕೂಗಿದೆ. ಹೊಲಿಗೆ ಎಳೆಯಿತು. ವಾರ್ಡಿನವರೆಲ್ಲ ತಿರುಗಿದರು. “ನನಗೆ ಪುನಃ ಚಳಿ ಬರ್ತಾ ಉಂಟು. ಕೆಳಗೆ ಹೊಟ್ಟೆ ಒತ್ತಿದ ಹಾಗೆ ಆಗ್ತದೆ. ಕಕ್ಕಸಿಗೆ ಹೋದ್ರೆ ಬರೀ ಲೋಳೆ. ನಾನು ಎಲ್ಲಿಗೂ ಬರುದಿಲ್ಲ. ಸೈನ್ ಹಾಕಿದ್ರೆ ನೀವು ಮನೆಗೆ ಹೋಗಿ, ನಾನು ಇಲ್ಲಿಯೇ ಇರ್ತೇನೆ.”

ಭಾವ ನಕ್ಕರು. “ಹಣ್ಣು ತಿಂದದ್ದು ಹೆಚ್ಚಾಯ್ತು ಅಷ್ಟೆ. ಹೆಂಗಸರಿಗೆ ಹೆದರಿಕೆ ಜಾಸ್ತಿ. ನೀ ಬಾ, ಸೈನ್ ಹಾಕು.”

ಇವರು ಕಾರಿಡಾರಿನ ನಡುವೆ ನಿಂತಿದ್ದರು. ಒಮ್ಮೆ ನನ್ನನ್ನು, ಒಮ್ಮೆ ಅಣ್ಣನನ್ನು ನೋಡಿದರು. ಮತ್ತೆ, ಜೀವಮಾನದಲ್ಲಿ ನಾನು ಕೇಳಿರದ ಒಂದು ಸ್ವರದಲ್ಲಿ, ಮೆಲ್ಲ, ಆದರೆ ನನಗೂ ಕೇಳುವಂತೆ ಹೇಳಿದರು.

“ಅಣ್ಣ, ನೀನು ಅಲ್ಲಿ ಸ್ಟೋರಿನಲ್ಲಿ ಇದ್ದದ್ದು. ನನಗೆ ಗೊತ್ತುಂಟು. ಸೈನ್ ನಾನು ಹಾಕುದಿಲ್ಲ. ನೀನು ಹೊರಗೆ ಕೂರು.”

ಭಾವ ಹೊರಗೆ ಕೂರಲಿಲ್ಲ, ಸುಳ್ಯಕ್ಕೆ ಹೋದರು. ಕೆಳಗೆ ಹೋಗುತ್ತಾ ಮೆಟ್ಟಿಲಿನಲ್ಲಿ ಯಾರಿಗೋ ಫೋನು ಮಾಡಿ, ತಮ್ಮನ ತಲೆಗೆ ಡಾಕ್ಟರುಗಳು ಏನೋ ತುಂಬಿಸಿದ್ದಾರೆ ಎಂದರಂತೆ.

ಸಂಜೆ ಡಾಕ್ಟರು ಬಂದು, ನಾನು ಹೇಳಿದ್ದನ್ನೆಲ್ಲ ಕೇಳಿ, “ಬೆಳಿಗ್ಗೆಯೇ ಯಾಕೆ ಹೇಳ್ಲಿಲ್ಲ?” ಎಂದು ಗದರಿದರು. ಪುನಃ ರಕ್ತ ತೆಗೆದರು. ತೊಂಬತ್ತು ಇದ್ದದ್ದು ನೂರ ಅರವತ್ತಾಗಿತ್ತು. ಸಿಟಿ ಸ್ಕ್ಯಾನಿನಲ್ಲಿ ಅಡಿಹೊಟ್ಟೆಯ ಆಳದಲ್ಲಿ ಕೀವು ಕಟ್ಟಿ ನಿಂತದ್ದು ಕಂಡಿತು. ಇನ್ನೊಂದು ಟ್ಯೂಬು ಹಾಕಿ ಅದನ್ನು ಹೊರಗೆ ತೆಗೆದರು. ಅವತ್ತು ಸಹಿ ಹಾಕಿ ಕರೆದುಕೊಂಡು ಹೋಗಿದ್ದರೆ ನಿಶ್ಚಿತಾರ್ಥದ ಅಡುಗೆಮನೆಯ ಕುರ್ಚಿಯಲ್ಲಿ ನಾನು ಏನಾಗುತ್ತಿದ್ದೆ ಎಂದು ಡಾಕ್ಟರು ಬಿಡಿಸಿ ಹೇಳಲಿಲ್ಲ. ಇವರಿಗೆ ಅರ್ಥವಾಯಿತು. ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬಂದರು. ಆ ದಿನದಿಂದ ಗುಂಪಿಗೆ ನನ್ನ ನಂಬರು ಹೋಗಲಿಲ್ಲ.

ಇಲ್ಲಿ ನಾನು ಗಂಡನನ್ನು ಹೊಗಳಬೇಕು. ಕೇಳಿದವರೆಲ್ಲ ಹಾಗೇ ಹೇಳುತ್ತಾರೆ: ಕೊನೆಗಾದರೂ ಬಾಯಿ ಬಿಟ್ಟರಲ್ಲ. ನನಗೆ ಆಗ ಬಂದದ್ದು ಸಿಟ್ಟು. ‘ನನಗೆ ಗೊತ್ತುಂಟು’ ಎಂದರಲ್ಲ. ಗೊತ್ತಿತ್ತು! ಅಣ್ಣ ಮಡಚುತ್ತಿದ್ದದ್ದು ಬೆಡ್‌ಶೀಟು ಎಂದು ನನಗೆ ಗೊತ್ತಿದ್ದಷ್ಟೇ ಇವರಿಗೂ ಗೊತ್ತಿತ್ತು. ಗೊತ್ತಿದ್ದೂ ನಾನು ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಾಗ ಆ ಮನುಷ್ಯನಿಗೇ ಫೋನು ಮಾಡಿದ್ದರು. ದಡ್ಡತನವಾಗಿದ್ದರೆ ಕ್ಷಮಿಸಬಹುದಿತ್ತು.

ಮನೆಗೆ ಬಂದು, ಎದ್ದು ಓಡಾಡುವಂತಾದ ಮೇಲೆ ಕೇಳಿದೆ. ಹೋಟೆಲು ಇನ್ನೂ ತೆರೆದಿರಲಿಲ್ಲ. ಇವರು ಜಗಲಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು.

“ಗೊತ್ತಿದ್ದೂ ಅವರಿಗೆ ಯಾಕೆ ಕೇಳಿದ್ದು?”

ಬಹಳ ಹೊತ್ತು ಸುಲಿದರು. ಮತ್ತೆ ತಲೆ ಎತ್ತದೆ ಹೇಳಿದರು: “ಎಂತದ್ದೂ ಇಲ್ಲ ಅಂತ ಯಾರಾದ್ರೂ ಒಬ್ಬರು ಹೇಳ್ಬೇಕಿತ್ತು ನನಗೆ. ಡಾಕ್ಟ್ರು ಹಾಗೆ ಹೇಳುದಿಲ್ಲ. ಅಣ್ಣ ಹೇಳ್ತಾನೆ.”

ನಾನು ಒಳಗೆ ಹೋದೆ. ಅವರು ಹೆದರಿದ್ದರು ಎಂಬುದು ಅರ್ಥವಾಯಿತು. ತಮ್ಮ ಹೆದರಿಕೆ ಇಳಿಸಲು ಅವರಿಗೊಂದು ನಂಬರು ಬೇಕಿತ್ತು, ನನ್ನ ಹೊಟ್ಟೆ ಅದಕ್ಕೆ ಕಾಯಬೇಕಿತ್ತು. ಇಷ್ಟನ್ನು ಅರ್ಥ ಮಾಡಿಕೊಂಡ ಮೇಲೂ ನಾನು ಅವರೊಂದಿಗೆ ಸರಿಯಾಗಿ ಮಾತಾಡಲು ಬಹಳ ದಿನ ಹಿಡಿಯಿತು. ಈಗ ಮಾತಾಡುತ್ತೇವೆ. ಯಾರಿಗೆ ಏನಾದರೂ ಮೊದಲು ಓಮ್ನಿಯ ಬೀಗದಕೈ ಹುಡುಕುವುದು ಎಂದು ಒಪ್ಪಂದವಾಗಿದೆ.

ನಿಶ್ಚಿತಾರ್ಥ ನನ್ನನ್ನು ಬಿಟ್ಟು ಚೆನ್ನಾಗಿಯೇ ನಡೆಯಿತು. ಅಲ್ಲಿ ಭಾವ ಗಂಡಿನ ಕಡೆಯವರಿಗೆ ನನ್ನ ಕಥೆ ಹೇಳಿದರಂತೆ. ತಾನು ಮೊದಲ ದಿನವೇ ಬ್ಲಡ್ ಟೆಸ್ಟ್ ಮಾಡಿಸಲು ಹೇಳಿದ್ದಕ್ಕೆ ತಮ್ಮನ ಹೆಂಡತಿ ಬದುಕಿಕೊಂಡಳು ಎಂದು. ಹೋಗಿ ಬಂದ ನೆಂಟರೊಬ್ಬರು ಇದನ್ನು ನನಗೆ ವರದಿ ಮಾಡಿ, “ಅವರ ಉಪಕಾರ ಮರೀಬೇಡ,” ಎಂದೂ ಸೇರಿಸಿದರು. ಮರೆಯುವುದು ಹೇಗೆ?

ತಮ್ಮನ ಮೇಲಿನ ಮುನಿಸು ಭಾವನಿಗೆ ತಿಂಗಳು ಕೂಡ ಬಾಳಲಿಲ್ಲ. ಮುನಿಸಿಕೊಳ್ಳಲೂ ಒಂದು ಯೋಗ್ಯತೆ ಬೇಕು. ಪುತ್ತೂರಿಗೆ ಹೋಗುವಾಗ ಸುತ್ತು ಬಳಸಿಯಾದರೂ ನಮ್ಮ ಹೋಟೆಲಿಗೆ ಬರುತ್ತಾರೆ, ಬನ್ಸು ತಿನ್ನುತ್ತಾರೆ. ಈಗ ಪ್ರೊಕ್ಯಾಲ್ಸಿಟೋನಿನ್ ಎಂಬ ಇನ್ನೊಂದು ಟೆಸ್ಟಿನ ಹೆಸರು ಕಲಿತುಕೊಂಡಿದ್ದಾರೆ. ಆ ಹೆಸರನ್ನು ಒಂದು ತುಂಡು ಬನ್ಸಿನ ಜೊತೆ ಬಾಯಲ್ಲಿ ತಿರುಗಿಸಿ ಹೊರಗೆ ಬಿಡುವಾಗ ಅಕ್ಕಪಕ್ಕದ ಮೇಜಿನವರು ಚಾ ಕುಡಿಯುವುದನ್ನೂ ನಿಲ್ಲಿಸುತ್ತಾರೆ.

ಮೊನ್ನೆ ಇಚಿಲಂಪಾಡಿ ಕಡೆಯ ಒಬ್ಬರು ಬಂದಿದ್ದರು. ಹೊಟ್ಟೆ ಹಿಡಿದುಕೊಂಡೇ ಕೂತಿದ್ದರು, ಮುಖ ಬೆವರಿತ್ತು. ರಿಪೋರ್ಟನ್ನು ಭಾವನ ಪ್ಲೇಟಿನ ಪಕ್ಕ ಇಟ್ಟರು. ಭಾವ ಜೇಬಿನಿಂದ ಕನ್ನಡಕ ತೆಗೆದರು. ನಾನು ದೋಸೆಯ ಸಟ್ಟುಗ ಹಿಡಿದುಕೊಂಡೇ ಒಳಗಿನಿಂದ ಬಂದೆ.

“ಅದನ್ನು ಇಲ್ಲಿ ತೋರಿಸುದು ಬೇಡ,” ಎಂದೆ. “ಈಗಲೇ ಪುತ್ತೂರಿಗೆ ಹೋಗಿ ಡಾಕ್ಟರಿಗೆ ಹೊಟ್ಟೆ ತೋರಿಸಿ. ಗಾಡಿ ಇಲ್ಲದಿದ್ರೆ ಇವರು ಬಿಡ್ತಾರೆ.”

ಇವರು ಗಲ್ಲಾದಿಂದ ಎದ್ದು ಆಗಲೇ ಬೀಗದಕೈ ಹಿಡಿದುಕೊಂಡಿದ್ದರು. ಆ ಮನುಷ್ಯ ನನ್ನನ್ನು ನೋಡಿದರು, ನನ್ನ ಕೈಯ ಸಟ್ಟುಗವನ್ನು ನೋಡಿದರು. ಮತ್ತೆ ನಿಧಾನವಾಗಿ ಭಾವನ ಕಡೆ ತಿರುಗಿ ಕೇಳಿದರು:

“ಎಂತ ಮಾರಾಯ್ರೆ, ಹಾಗಾದ್ರೆ ಹೋಗ್ಬೇಕಾ?”